ಅಳತೆ ಪುಸ್ತಕದ ಕೊನೆಯ ಪುಟ

ಜೂನ್ ೯, ಸೋಮವಾರ
ಅಂಗಡಿಯಲ್ಲೇ ಕೂತು, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ನಿನ್ನ ಅಮ್ಮನ ತುಂಬು ಮನಸ್ಸಿನ ಹಾರೈಕೆಗಳು. ನೀನು ಆರೋಗ್ಯವಾಗಿದ್ದೀ ಎಂದುಕೊಂಡೇ ಬರೆಯುತ್ತಿದ್ದೇನೆ. ಇಲ್ಲದಿದ್ದರೂ ನನಗೆ ತಿಳಿಸುವವರು ಯಾರಿದ್ದಾರೆ ಹೇಳು? ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಸ್ವಲ್ಪ ಕೈಕೊಟ್ಟಿದೆ, ಸೂಜಿಗೆ ದಾರ ಪೋಣಿಸಲು ಮೂರು ಸಲ ಬೇಕು.

ನಿನ್ನ ಕಾರ್ಡು ಬಂದು ಇಪ್ಪತ್ತಮೂರು ದಿನವಾಯಿತು. ಉತ್ತರ ತಡವಾಯಿತೆಂದು ಬೈದುಕೊಳ್ಳಬೇಡ. ಎಂಟು ವರ್ಷದ ಮೇಲೆ ಬಂದದ್ದು ಎರಡೇ ಎರಡು ಸಾಲು: "ಆಸ್ಪತ್ರೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕು. ನನ್ನ ನಿಜವಾದ ಜನನ ಪತ್ರ ಕಳಿಸಿ." ಮೇಲೆ ಅಮ್ಮ ಎಂದಿಲ್ಲ, ಕೆಳಗೆ ನಿನ್ನ ಮಗಳು ಎಂದಿಲ್ಲ. "ಕಳಿಸಿ" ಎಂದು ಬಹುವಚನ ಬೇರೆ! ಹಾಲು ಕುಡಿಸಿದವಳಿಗೆ ಯಾವತ್ತಿನಿಂದ ಈ ಮರ್ಯಾದೆ ಶುರುವಾಯಿತು ತಾಯಿ? ಅದನ್ನು ಓದಿ ಒಂದು ಗಿರಾಕಿಯ ರವಿಕೆಯ ತೋಳನ್ನು ತಿರುಗಾಮುರುಗಾ ಹೊಲಿದುಬಿಟ್ಟೆ. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ನೀನು ಕೇಳಿದ ಕಾಗದ ಇದರ ಜೊತೆಗಿದೆ. ಅದಕ್ಕಾಗಿ ಜನನ ಮರಣ ನೋಂದಣಿ ಕಚೇರಿಗೆ ನಾಲ್ಕು ಸಲ ಅಲೆದೆ. ಒಂದೇ ಸಲಕ್ಕೆ ಮುಗಿಯುವ ಕೆಲಸಕ್ಕೆ ನಾಲ್ಕು ಸಲ ಯಾಕೆ ಬೇಕಾಯಿತು ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಬೇರೆ ಸಮಾಚಾರ ಓದಿಕೋ.

ಅಂಗಡಿಯ ಮುಂಭಾಗವನ್ನು ಬಾಡಿಗೆಗೆ ಕೊಟ್ಟಿದ್ದೇನೆ. ನಿಮ್ಮಪ್ಪನ ಸ್ಟುಡಿಯೊ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿಯವನೊಬ್ಬ ಕೂರುತ್ತಾನೆ. ನಡುವಿನ ಪರದೆ ಅದೇ. ಹಿಂದೆ ನನ್ನ ಮೆಷಿನ್ನು, ಕತ್ತರಿಸುವ ಮೇಜು, ಇಸ್ತ್ರಿಪೆಟ್ಟಿಗೆ ಎಲ್ಲ ಇದ್ದಲ್ಲೇ ಇವೆ. ರಸ್ತೆಗೆ ಕಾಣುವ ಗಾಜಿನ ಕಿಟಕಿಯಲ್ಲಿ ನೀನು ತಲೆಕೆಳಗಾಗಿ ನಿಂತ ದೊಡ್ಡ ಫೋಟೋ ಇತ್ತಲ್ಲ, ಅದನ್ನು ತೆಗೆದೆ. ಬಿಸಿಲಿಗೆ ನಿನ್ನ ಮುಖ ಬಿಳಚಿ, ಹಲ್ಲು ಮತ್ತು ಪದಕ ಮಾತ್ರ ಉಳಿದಿದ್ದವು.

ಹೋದ ತಿಂಗಳು ನಿಮ್ಮಪ್ಪ ಬಂದಿದ್ದರು. ನನ್ನನ್ನು ನೋಡಲಿಕ್ಕಲ್ಲ, ಕ್ಯಾಮೆರಾದ ಸ್ಟ್ಯಾಂಡ್ ಒಯ್ಯಲಿಕ್ಕೆ. ನಿನ್ನನ್ನು ಸೋದರತ್ತೆ ಮನೆಯಲ್ಲಿ ಬಿಟ್ಟು ಹೋದ ಮೇಲೆ ಅವರು ಮತ್ತೆ ಸೀಟಿ ಮೇಷ್ಟ್ರ ಜೊತೆ ಸೇರಿಕೊಂಡದ್ದು ನಿನಗೆ ಗೊತ್ತಿರಬಹುದು, ಗೊತ್ತಿಲ್ಲದಿರಲೂಬಹುದು. ನಿನ್ನ ಕೋಚಿಗೆ ನಾನಿಟ್ಟ ಆ ಹೆಸರು ಕೇಳಿ ನೀನು ಚಿಕ್ಕವಳಿದ್ದಾಗ ಎಷ್ಟು ನಗುತ್ತಿದ್ದೆ! ಆತ ಮಲಗುವಾಗಲೂ ಕೊರಳಲ್ಲಿ ಸೀಟಿ ಇರುತ್ತದೆಯಾ ಅಂತ ಕೇಳಿದ್ದೆ. ಈಗ ನಿಮ್ಮಪ್ಪ ಊರೂರು ತಿರುಗಿ, ಶಾಲೆಗಳ ಗೇಟಿನಲ್ಲಿ ನಿಂತು, ತಂದೆತಾಯಿಗಳಿಗೆ ಫೋಟೋ ತೋರಿಸಿ ಮಕ್ಕಳನ್ನು ಆ ಮೇಷ್ಟ್ರ ಜಿಮ್ನಾಸ್ಟಿಕ್ಸ್ ಕೇಂದ್ರಕ್ಕೆ ಸೇರಿಸುತ್ತಾರೆ. ಜೇಬಿನಿಂದ ಒಂದು ಫೋಟೋ ತೆಗೆದು ನನಗೂ ತೋರಿಸಿದರು. ಆರು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ.

"ನೋಡು ಇವಳನ್ನ. ಗುಬ್ಬಿಗಿಂತ ಹಗುರ," ಎಂದರು.

ಅಷ್ಟೇ. ನಿನ್ನ ಬಗ್ಗೆ ಅವರು ಆಡಿದ ಮಾತು ಅದೊಂದೇ. ಕೈಯಲ್ಲಿ ಕತ್ತರಿ ಇತ್ತು, ಕೆಳಗಿಟ್ಟು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಗುಬ್ಬಿ, ಎಲ್ಲ ತಪ್ಪನ್ನೂ ನಾನು ಅವರ ತಲೆಗೆ ಕಟ್ಟುವುದಿಲ್ಲ. ಶುರುವಿನಲ್ಲಿ ನನ್ನ ಕಾಲೂ ನೆಲದ ಮೇಲಿರಲಿಲ್ಲ. ಸೀಟಿ ಮೇಷ್ಟ್ರು ಪಾಸ್‌ಪೋರ್ಟ್ ಫೋಟೋ ತೆಗೆಸಿಕೊಳ್ಳಲು ಬಂದಿದ್ದರು. ನಿನಗೆ ಎಂಟು ವರ್ಷ. ನನ್ನ ಕತ್ತರಿಸುವ ಮೇಜಿನ ಮೇಲೆ ಕೈಯೂರಿ, ಕಾಲು ಮೇಲೆ ಮಾಡಿ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದೆ. ಪರದೆ ಸರಿಸಿ ನೋಡಿದ ಆ ಮನುಷ್ಯ ಫೋಟೋ ಮರೆತು ನಿಂತುಬಿಟ್ಟರು. "ಈ ಮಗು ದೇಶಕ್ಕೇ ಹೆಸರು ತರುತ್ತೆ, ಬರೆದಿಟ್ಕೊಳ್ಳಿ," ಎಂದರು. ಆ ದಿನ ನಿಮ್ಮಪ್ಪನಿಗೆ ಊಟ ಸೇರಲಿಲ್ಲ. ಪತ್ರಿಕೆಯ ಫೋಟೋಗ್ರಾಫರ್ ಆಗಬೇಕೆಂದು ಹೊರಟು, ಗೋಡೆಗೆ ಬೆನ್ನು ಕೊಟ್ಟು ಕೂತವರ ಫೋಟೋ ತೆಗೆಯುತ್ತಾ ಅರ್ಧ ಆಯಸ್ಸು ಕಳೆದ ಮನುಷ್ಯ. "ಇಷ್ಟು ವರ್ಷ ಬೇರೆಯವರ ಮುಖಕ್ಕೆ ಲೈಟ್ ಹಿಡಿದಿದ್ದಾಯ್ತು ಕಣೇ. ಇನ್ನಾದ್ರೂ ನಮ್ಮನೆ ಮೇಲೆ ಲೈಟ್ ಬೀಳ್ಲಿ," ಎಂದರು. ನನಗೂ ಕಣ್ಣಲ್ಲಿ ನೀರು ಬಂತು. ಬಂದ ಗಿರಾಕಿಗಳಿಗೆಲ್ಲ ಅಳತೆ ತೆಗೆಯುವ ಮೊದಲು ನಿನ್ನ ಪದಕಗಳನ್ನು ತೋರಿಸಿ ಅವರ ತಲೆ ತಿಂದವಳು ನಾನೇ.

ನಿನ್ನ ಆಟದ ಉಡುಪುಗಳನ್ನೆಲ್ಲ ನಾನೇ ಹೊಲಿದೆ. ಮೊದಲನೆಯದು ನೀಲಿ, ಭುಜದ ಮೇಲೆ ಮಿಂಚುವ ಹರಳು. ಮಕ್ಕಳ ಬಟ್ಟೆ ಹೊಲಿಯುವಾಗ ಹೊಲಿಗೆಯ ಒಳಗೆ ಒಂದು ಅಂಗುಲ ಬಟ್ಟೆ ಮಡಚಿ ಬಿಡುವುದು ನನ್ನ ರೂಢಿ. ಮಗು ಬೆಳೆದಾಗ ಬಿಚ್ಚಿ ಸಡಿಲ ಮಾಡಬಹುದು. ಸೀಟಿ ಮೇಷ್ಟ್ರು ಉಡುಪನ್ನು ಒಳಮುಖ ಮಾಡಿ ನೋಡಿ ಮುಖ ಸಿಂಡರಿಸಿದರು.

"ಏನಮ್ಮಾ ಇದು, ಇಷ್ಟು ಬಟ್ಟೆ? ಮಗು ದಪ್ಪ ಕಾಣುತ್ತೆ. ಕತ್ತರಿಸಿ ಬಿಸಾಕಿ."

"ಬೆಳೆಯೋ ಮಗು ಸಾರ್," ಎಂದೆ.

"ಇವಳು ಬೆಳೀಬಾರದು. ಅದೇ ಅಲ್ವಾ ನಮ್ಮ ಕೆಲಸ?" ಎಂದು ನಕ್ಕರು. ನಿಮ್ಮಪ್ಪನೂ ನಕ್ಕರು. ಅವರು ತಮಾಷೆ ಮಾಡುತ್ತಿದ್ದಾರೆಂದು ನಾನೂ ನಕ್ಕೆ. ಆ ನಗು ನೆನಪಾದಾಗಲೆಲ್ಲ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಆಮೇಲೆ ಮನೆಗೆ ತೂಕದ ಯಂತ್ರ ಬಂತು. ನಿನ್ನ ತಟ್ಟೆಗೆ ನಾನು ಬಡಿಸುವುದು ನಿಂತು, ನಿಮ್ಮಪ್ಪ ಬಡಿಸುವುದು ಶುರುವಾಯಿತು. ಅರ್ಧ ಲೋಟ ಹಾಲು, ಒಂದು ಸೇಬು. ನೀನು ನನ್ನ ಮೆಷಿನ್ನಿನ ಡ್ರಾಯರಿನಿಂದ ಬಿಸ್ಕತ್ತು ಕದ್ದು ತಿಂದು, ಪುಡಿಯನ್ನು ಗುಂಡಿಗಳ ಡಬ್ಬಿಯೊಳಗೆ ಕೊಡವುತ್ತಿದ್ದೆ. ನನಗೆ ಗೊತ್ತಿತ್ತು. ಬೇಕೆಂದೇ ಆ ಡ್ರಾಯರಿನಲ್ಲಿ ಬಿಸ್ಕತ್ತು ಇಡುತ್ತಿದ್ದೆ. ಧೈರ್ಯವಾಗಿ ಎದುರು ನಿಂತು "ಮಗುವಿಗೆ ಹೊಟ್ಟೆ ತುಂಬ ಕೊಡಿ" ಎನ್ನುವ ಬದಲು ಹೀಗೆ ಕಳ್ಳತನದಲ್ಲಿ ತಾಯ್ತನ ಮಾಡಿದೆ. ನಿನ್ನ ಸ್ಪರ್ಧೆಗಳಿಗೆ ನನ್ನನ್ನು ಒಮ್ಮೆಯೂ ಕರೆದೊಯ್ಯಲಿಲ್ಲ. "ಅಮ್ಮ ಬಂದ್ರೆ ಇವಳ ಗಮನ ಹೋಗುತ್ತೆ," ಎನ್ನುತ್ತಿದ್ದರು ನಿಮ್ಮಪ್ಪ. ನೀನೂ ತಲೆ ಆಡಿಸುತ್ತಿದ್ದೆ. ಮೈಕಿನಲ್ಲಿ ನಿನ್ನ ವಯಸ್ಸು ಕೂಗುತ್ತಾರೆ, ಅದು ನನ್ನ ಕಿವಿಗೆ ಬೀಳಬಾರದು, ಕಾರಣ ಅದು ಎಂದು ನನಗೆ ಹೇಗೆ ಹೊಳೆಯಬೇಕು?

ಈಗ ಅಳತೆ ಪುಸ್ತಕದ ವಿಷಯಕ್ಕೆ ಬರುತ್ತೇನೆ. ನಿನ್ನ ಮನಸ್ಸಿನಲ್ಲಿ ಎಂಟು ವರ್ಷದಿಂದ ಕುದಿಯುತ್ತಿರುವುದು ಅದೇ ತಾನೆ?

ಉದ್ದನೆಯ ಆ ಕೆಂಪು ರಟ್ಟಿನ ಪುಸ್ತಕ ನಿನಗೆ ನೆನಪಿದೆ. ಮುಂದಿನ ಪುಟಗಳೆಲ್ಲ ಗಿರಾಕಿಗಳಿಗೆ, ಕೊನೆಯ ಪುಟ ನಿನಗೆ. ನೀನು ಹುಟ್ಟಿದ ಫೆಬ್ರವರಿ ಹದಿನೇಳರಿಂದ ಹಿಡಿದು ಪ್ರತಿ ಹುಟ್ಟುಹಬ್ಬಕ್ಕೆ ನಿನ್ನನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ, ಎದೆ, ಸೊಂಟ, ತೋಳು ಬರೆದಿಟ್ಟಿದ್ದೆ, ತಾರೀಖಿನ ಸಮೇತ. ಹದಿಮೂರು ತುಂಬಿದ ದಿನ ಟೇಪು ಹಿಡಿದವಳು ಹಾಗೇ ನಿಂತೆ. ಹಿಂದಿನ ವರ್ಷಕ್ಕಿಂತ ಎತ್ತರ ಒಂದೂವರೆ ಅಂಗುಲ ಹೆಚ್ಚಿತ್ತು, ಸೊಂಟ ಎರಡು ಅಂಗುಲ ಕಡಿಮೆಯಾಗಿತ್ತು. ಎಷ್ಟೋ ಮಕ್ಕಳ ಬಟ್ಟೆ ಹೊಲಿದಿದ್ದೇನೆ. ಬೆಳೆಯುವ ಮಗುವಿನ ಅಳತೆ ಇಳಿದದ್ದನ್ನು ಆ ದಿನವೇ ಮೊದಲು ಕಂಡದ್ದು. ಎರಡು ಸಲ ಅಳೆದು, ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದೆ.

ಅದೇ ವರ್ಷ ಆಗಸ್ಟಿನಲ್ಲಿ ದೊಡ್ಡ ಸ್ಪರ್ಧೆ. ಅದಕ್ಕೆ ಮೂರು ವಾರ ಮುಂಚೆ ನೀನು ಕಸರತ್ತಿನ ತೊಲೆಯಿಂದ ಬಿದ್ದು ಎಡಗೈ ಮಣಿಕಟ್ಟು ಬಾತುಕೊಂಡಿತ್ತು. ಡಾಕ್ಟರ ಹತ್ತಿರ ಹೋದರೆ ವಿಶ್ರಾಂತಿ ಎನ್ನುತ್ತಾರೆಂದು ನಿಮ್ಮಪ್ಪ ತಾವೇ ಪಟ್ಟಿ ಕಟ್ಟಿದರು. ನನಗೆ ಹೇಳಿದ್ದು ಇಷ್ಟೇ: "ಈ ಸಲ ಉದ್ದ ತೋಳು ಹೊಲಿ. ಪಟ್ಟಿ ಕಾಣಬಾರದು." ನಾನು ಹೊಲಿದೆ ಗುಬ್ಬಿ. ಅದನ್ನೂ ಹೊಲಿದುಕೊಟ್ಟೆ.

ನಿನ್ನ ವಯಸ್ಸಿನ ಬಗ್ಗೆ ಯಾರೋ ದೂರು ಕೊಟ್ಟಿದ್ದರು. ಕ್ರೀಡಾ ಇಲಾಖೆಯಿಂದ ಒಬ್ಬ ಅಧಿಕಾರಿ ಅಂಗಡಿಗೇ ಬಂದರು, ನನ್ನ ವಯಸ್ಸಿನ ಹೆಂಗಸು, ಬಿಸಿಲಿಗೆ ಬಸವಳಿದಿದ್ದರು. ನಿಮ್ಮಪ್ಪ ತಯಾರಾಗಿಯೇ ಇದ್ದರು. ನಿನ್ನ ಹಳೆಯ ಫೋಟೋಗಳ ಹಿಂದಿದ್ದ ತಾರೀಖುಗಳನ್ನೆಲ್ಲ ಬ್ಲೇಡಿನಿಂದ ಕೆರೆದಿದ್ದರು, ನಿನ್ನ ಶಾಲೆ ಬದಲಾಯಿಸಿ ಎಷ್ಟೋ ವರ್ಷವಾಗಿತ್ತು. ಒಂದು ಪ್ಲಾಸ್ಟಿಕ್ ಕವರಿನಿಂದ ಜನನ ಪತ್ರ ತೆಗೆದುಕೊಟ್ಟರು. ಅಧಿಕಾರಿ ಜೋರಾಗಿ ಓದಿದರು: "ಜೂನ್ ಒಂಬತ್ತು. ಹೋದ ಜೂನ್‌ಗೆ ಹನ್ನೊಂದು ತುಂಬಿದೆ. ಸರಿನಾ?"

"ಸರಿ ಮೇಡಂ," ಎಂದರು ನಿಮ್ಮಪ್ಪ.

ಅಧಿಕಾರಿ ನಿನ್ನ ಕಡೆ ನೋಡಿದರು. ನೀನು ಒಂದು ಕ್ಷಣವೂ ತಡವರಿಸಲಿಲ್ಲ. "ಹೌದು. ಜೂನ್ ಒಂಬತ್ತು, ನನ್ನ ಹುಟ್ಟುಹಬ್ಬ. ಪ್ರತಿ ವರ್ಷ ಸೆಂಟರ್‌ನಲ್ಲಿ ಕೇಕ್ ಕತ್ತರಿಸ್ತೀವಿ," ಎಂದೆ. ಐದು ವರ್ಷ, ಐದು ಕೇಕು. ನೀವಿಬ್ಬರೂ ನನ್ನ ಕಣ್ಣಿಗೆ ಮಣ್ಣೆರಚಿ ನನ್ನದೇ ಮನೆಯಲ್ಲಿ ಉಂಡು ಮಲಗುತ್ತಿದ್ದಿರಿ. ಆ ಕ್ಷಣದಲ್ಲಿ ನೀನು ನನ್ನನ್ನು ನೋಡಿದೆ. ನನ್ನ ಮುಖದಲ್ಲಿ ಏನು ಕಂಡಿತೋ, ಬೇಗ ತಲೆ ತಗ್ಗಿಸಿದೆ.

ಅಧಿಕಾರಿ ಕಾಗದ ಮಡಚಿ ಎದ್ದರು. ಅವರ ಕೋಟಿನ ಒಂದು ಗುಂಡಿ ದಾರದಲ್ಲಿ ನೇತಾಡುತ್ತಿತ್ತು. "ಕೂತ್ಕೊಳ್ಳಿ ಮೇಡಂ, ಎರಡು ನಿಮಿಷ, ಹಾಕಿಕೊಡ್ತೀನಿ," ಎಂದು ಒಳಗೆ ಕರೆದೆ. ಗುಂಡಿ ಹಾಕಿದೆ. ನೀರು ತರುತ್ತೇನೆಂದು ಎದ್ದು ಹೋದೆ. ಹೋಗುವ ಮುಂಚೆ ಅಳತೆ ಪುಸ್ತಕದ ಕೊನೆಯ ಪುಟ ತೆಗೆದು, ಅವರ ಮುಂದೆ ಮೇಜಿನ ಮೇಲೆ ಇಟ್ಟೆ. ಗಾಳಿಗೆ ಪುಟ ಹಾರದಂತೆ ಮೇಲೆ ಕತ್ತರಿಯನ್ನೂ ಇಟ್ಟೆ.

ನಿಮ್ಮಪ್ಪ ಈವತ್ತಿಗೂ ಅದನ್ನು "ಅವಳ ದಡ್ಡತನ, ಪುಸ್ತಕ ಎತ್ತಿಡೋಕೂ ಬರಲ್ಲ" ಎಂದೇ ಜನರಿಗೆ ಹೇಳುತ್ತಾರೆ. ದಡ್ಡತನ ಅಲ್ಲ ಮಗಳೇ. ಬೇಕೆಂದೇ ಮಾಡಿದೆ. ನಿನ್ನ ಪದಕಗಳನ್ನು ವಾಪಸ್ ಕೊಡಿಸಿದವಳು, ನಿನ್ನ ಹೆಸರು ಪಟ್ಟಿಯಿಂದ ಹೊಡೆಸಿದವಳು, ಪೇಪರಿನಲ್ಲಿ "ಮೋಸಗಾರ ಬಾಲೆ" ಎಂದು ಬರುವಂತೆ ಮಾಡಿದವಳು ನಿನ್ನ ಹೆತ್ತ ತಾಯಿಯೇ. ಅಧಿಕಾರಿ ಬಂದುಹೋದ ಹನ್ನೊಂದನೆಯ ದಿನ ನೀನು ನಿಮ್ಮಪ್ಪನ ಜೊತೆ ಅತ್ತೆ ಮನೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ಅದು ಬರೀ ಗುಮಾಸ್ತನ ತಪ್ಪು, ಅಪ್ಪ ಎಷ್ಟು ಸಲ ಹೇಳಿದ್ರು! ಯಾರೋ ತಪ್ಪು ತಾರೀಖು ಬರೆದ್ರೆ ಅದಕ್ಕೆ ನನ್ನ ಜೀವನ ಹಾಳು ಮಾಡ್ತೀಯಾ? ನೀನು ನಂಗೆ ಮೋಸ ಮಾಡ್ದೆ ಅಮ್ಮಾ," ಎಂದೆ. ನಾನು ಹೇಳಬೇಕಾದದ್ದು ಬೇರೆಯೇ ಇತ್ತು. ಹದಿಮೂರು ವರ್ಷದ ಮಗುವಿಗೆ ಹೇಳುವ ಮಾತಲ್ಲ ಎಂದು ನುಂಗಿಕೊಂಡೆ.

ಮೋಸ ಮಾಡಿದ್ದು ಯಾರು ಯಾರಿಗೆ ಎಂದು ನಾನೂ ಎಂಟು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಐದು ವರ್ಷ ಒಂದು ಗುಟ್ಟನ್ನು ಅಷ್ಟು ಸಲೀಸಾಗಿ ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಕೊರಳಿಗೆ ಜೋತುಬೀಳುತ್ತಿದ್ದೆಯಲ್ಲ ಎಂದು ಸಂಕಟವಾಗುತ್ತಿತ್ತು. ಮಗುವಿಗೆ ಸುಳ್ಳು ಕಲಿಸಿದ ದೊಡ್ಡವರನ್ನು ಬಿಟ್ಟು ಮಗುವಿನ ಮೇಲೆ ಮುನಿಸಿಕೊಂಡೆ, ಅದಕ್ಕೆ ನನ್ನನ್ನು ಕ್ಷಮಿಸು. ನಿಮ್ಮಪ್ಪನನ್ನು ಮಾತ್ರ ನನ್ನಿಂದ ಕ್ಷಮಿಸಲಾಗಿಲ್ಲ. ಕ್ಷಮಿಸಬೇಕೆಂದು ಅನಿಸಿಯೂ ಇಲ್ಲ.

ನಿನ್ನ ಕಾರ್ಡಿನಲ್ಲಿ "ನಿಜವಾದ" ಎಂಬ ಪದಕ್ಕೆ ಅಡಿಗೆರೆ ಎಳೆದಿದ್ದೀಯ. ಅದನ್ನು ನೋಡಿದ ಮೇಲೆಯೇ, ಇನ್ನು ಹೇಳಬಹುದು, ಇವಳು ತಡೆದುಕೊಳ್ಳುತ್ತಾಳೆ ಎನಿಸಿತು.

ಆಸ್ಪತ್ರೆಯ ಕೆಲಸ ನಿನಗೆ ಸಿಗಲಿ. ಬಿದ್ದವರನ್ನು ಎಬ್ಬಿಸಿ ನಡೆಸುವ ಕೆಲಸವೆಂದು, ಕಾರ್ಡು ಬಂದ ಮೇಲೆ ನಿನ್ನ ಅತ್ತೆಯನ್ನು ವಿಚಾರಿಸಿ ತಿಳಿದೆ, ಖುಷಿಯಾಯಿತು. ಮಣಿಕಟ್ಟು ಚಳಿಗೆ ನೋಯುತ್ತದೆಯಾ? ಹೊಟ್ಟೆ ತುಂಬ ಉಣ್ಣು. ಯಾರ ತಟ್ಟೆಯನ್ನೂ ಅಳೆಯಬೇಡ, ನಿನ್ನ ತಟ್ಟೆಯನ್ನು ಅಳೆಯಲು ಯಾರನ್ನೂ ಬಿಡಬೇಡ. ನೂರು ಕಾಲ ಸುಖವಾಗಿ ಬಾಳು. ಡ್ರಾಯರಿನಲ್ಲಿ ಈಗಲೂ ಬಿಸ್ಕತ್ತು ಇರುತ್ತದೆ, ಯಾವಾಗ ಬೇಕಾದರೂ ಬಾ.

ಇಂತಿ ನಿನ್ನದೇ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ.

ಪ್ರತಿ ವರ್ಷ ಜೂನ್ ಒಂಬತ್ತರಂದು ನಾನು ಮೆಷಿನ್ ಮುಟ್ಟುತ್ತಿರಲಿಲ್ಲ, ನೆನಪಿದೆಯಾ? ತಲೆನೋವು ಎಂದು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ನೀನು ಸಂಜೆ ಕೇಂದ್ರದಿಂದ ಬಂದು ನನ್ನ ಹಣೆ ಒತ್ತುತ್ತಿದ್ದೆ. ನಿನ್ನ ಬೆರಳಿಗೆ ಕೇಕಿನ ಸಿಹಿ ವಾಸನೆ ಇರುತ್ತಿತ್ತು. ಎಲ್ಲಿಂದ ಎಂದು ನಾನು ಕೇಳುತ್ತಿರಲಿಲ್ಲ.

ಆ ತಾರೀಖು ಗುಮಾಸ್ತನ ತಪ್ಪಲ್ಲ. ನಿನಗೆ ಎರಡು ವರ್ಷ ಮೂರು ತಿಂಗಳಿದ್ದಾಗ, ಜೂನ್ ಒಂಬತ್ತರಂದು ನನಗೆ ಇನ್ನೊಂದು ಹೆಣ್ಣುಮಗು ಹುಟ್ಟಿತು. ಹತ್ತೊಂಬತ್ತು ದಿನ ಇತ್ತು. ಜ್ವರ ಬಂದು ಹೋಯಿತು. ಹೆಸರಿನ್ನೂ ಇಟ್ಟಿರಲಿಲ್ಲ. ನಿಮ್ಮಪ್ಪ ಫೋಟೋ ಕೂಡ ತೆಗೆದಿರಲಿಲ್ಲ. "ಸ್ವಲ್ಪ ಮುಖ ತುಂಬಲಿ, ಆಮೇಲೆ ತೆಗೆದರಾಯ್ತು" ಎಂದಿದ್ದರು. ಅವಳಿಗೊಂದು ಅಂಗಿ ಹೊಲಿಯಲೆಂದು ಎದೆಯ ಅಳತೆ ತೆಗೆದಿದ್ದೆ, ಹದಿಮೂರು ಅಂಗುಲ. ನಿನ್ನ ಪುಟದ ಹಿಂಬದಿಯಲ್ಲಿ ಆ ಒಂದೇ ಸಾಲು ಇದೆ. ನಿನಗೆ ಹೇಳುವುದು ಬೇಡ ಎಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಮರಣದ ನೋಂದಣಿ ಮಾಡಿಸಿ ಬಂದೆ ಎಂದು ನಿಮ್ಮಪ್ಪ ನನಗೆ ಹೇಳಿದ್ದರು. ಮಾಡಿಸಿರಲಿಲ್ಲ. ಮರೆತರೋ, ಕೈಲಾಗಲಿಲ್ಲವೋ ಗೊತ್ತಿಲ್ಲ. ಆದರೆ ಆರು ವರ್ಷದ ಮೇಲೆ, ಸೀಟಿ ಮೇಷ್ಟ್ರು, ಇವಳು ಎರಡು ವರ್ಷ ಚಿಕ್ಕವಳಾಗಿದ್ದರೆ ಚೆನ್ನಾಗಿತ್ತು ಎಂದಾಗ, ಅದು ಅವರಿಗೆ ಚೆನ್ನಾಗಿ ನೆನಪಾಯಿತು. ಕಚೇರಿಗೆ ಹೋಗಿ, ಅವಳ ಕಾಗದದಲ್ಲಿ ಖಾಲಿಯಿದ್ದ ಹೆಸರಿನ ಜಾಗದಲ್ಲಿ ನಿನ್ನ ಹೆಸರು ಬರೆಸಿದರು.

ಅಧಿಕಾರಿ ಹೋದ ಮೇಲೆ ನಾನು ಕೇಳಿದ್ದಕ್ಕೆ ಅವರು ಹೇಳಿದ್ದು: "ಹೋದ ಮಗುಗೆ ಕಾಗದ ಯಾಕೆ? ಇರೋಳಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಮಾಡ್ದೆ." ಹತ್ತೊಂಬತ್ತು ದಿನದಲ್ಲಿ ಆ ಮಗು ಈ ಲೋಕದಲ್ಲಿ ಸಂಪಾದಿಸಿದ್ದು ಒಂದು ತಾರೀಖು ಮಾತ್ರ. ಅದನ್ನೂ ಅದರ ಅಪ್ಪ ಎತ್ತಿಕೊಂಡು ಹೋದರು.

ನಾಲ್ಕು ಸಲ ಕಚೇರಿಗೆ ಅಲೆದದ್ದು ಇದಕ್ಕೇ. ದಪ್ಪ ಕನ್ನಡಕದ ಗುಮಾಸ್ತರು ಕಡತ ತಿರುವಿ, "ನಮ್ಮ ಪುಸ್ತಕದಲ್ಲಿ ಈ ಮಗು ಇನ್ನೂ ಬದುಕಿದೆಯಲ್ಲಮ್ಮ," ಎಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಕೊನೆಗೆ ಎಲ್ಲವನ್ನೂ ಬರೆದು ಸಹಿ ಹಾಕಿಕೊಟ್ಟೆ, ಅದಕ್ಕೆ ಏನು ಶಿಕ್ಷೆ ಬರುತ್ತದೋ ಬರಲಿ. ಅವಳ ಕಾಗದದಿಂದ ನಿನ್ನ ಹೆಸರು ಹೊಡೆದುಹಾಕಿದ್ದಾರೆ, ಆ ಜಾಗ ಮತ್ತೆ ಖಾಲಿಯಾಗಿದೆ. "ಹಾಗೇ ಖಾಲಿ ಬಿಟ್ಟು ಮರಣ ಬರೀಬಹುದು. ಬೇಕಂದ್ರೆ ಹೆಸರು ಕೊಡಿ, ಬರೆದು ಮುಗಿಸೋಣ," ಎಂದರು ಗುಮಾಸ್ತರು. ನನಗೆ ಅಲ್ಲಿ ಒಂದು ಹೆಸರೂ ಹೊಳೆಯಲಿಲ್ಲ.

ಲಕೋಟೆಯಲ್ಲಿ ನಿನ್ನ ಜನನ ಪತ್ರದ ಜೊತೆ ಒಂದು ನಮೂನೆ ಇದೆ. ಅದರಲ್ಲಿ ಒಂದೇ ಒಂದು ಸಾಲು ತುಂಬಬೇಕು. ನಿನ್ನ ಹೆಸರನ್ನು ಅವಳು ಹದಿಮೂರು ವರ್ಷ ಹೊತ್ತಿದ್ದಳು, ಈಗ ಅವಳಿಗೆ ಅವಳದೇ ಒಂದು ಹೆಸರು ಕೊಡು. ನೀನು ಅವಳ ಅಕ್ಕ. ಈ ತಿಂಗಳ ಕೊನೆಯವರೆಗೆ ಕಡತ ಮುಚ್ಚುವುದಿಲ್ಲ ಎಂದು ಗುಮಾಸ್ತರು ಹೇಳಿದ್ದಾರೆ.